ದೊಡ್ಡಪ್ಪನ ಜಾವಾ ಪತ್ತೆ ಮಾಡಿದ್ದು

ಹಳೇ ಫೋಟೋದಲ್ಲಿರುವ ಮೋಟಾರ್ ಸೈಕಲ್ ಯಾವುದೆಂದು ಹೇಳುವುದು ನನಗೆ ನೀರು ಕುಡಿದಷ್ಟು ಸುಲಭ ಎಂದೇ ನಂಬಿದ್ದೆ. ಮೂಡಿಗೆರೆಯ ನನ್ನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಮೊಬೈಲಿನಲ್ಲಿ ಹಳೇ ಬೈಕುಗಳನ್ನೇ ನೋಡುತ್ತ ಬಂದವನು ನಾನು. ಹಾಗಾಗಿ, ಎಂಬತ್ತು ತುಂಬುವ ಕಳಸದ ದೊಡ್ಡಪ್ಪನಿಗೆ ಏನು ಉಡುಗೊರೆ ಕೊಡುವುದೆಂಬ ಪ್ರಶ್ನೆ ಎದ್ದಾಗ, ಆಲ್ಬಮ್ಮಿನಿಂದ ಒಂದು ಕಪ್ಪುಬಿಳುಪು ಫೋಟೋ ಎತ್ತಿಕೊಂಡೆ. ಹರೆಯದ ದೊಡ್ಡಪ್ಪ ಬೈಕಿನ ಮೇಲೆ ಕೂತು, ಮೂವತ್ತೆರಡೂ ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಅವರು ಹಾಗೆ ನಕ್ಕಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ!

“ಇಂಥದ್ದೇ ಬೈಕ್ ಹುಡುಕಿ ತಂದು ಅವರ ಅಂಗಳದಲ್ಲಿ ನಿಲ್ಲಿಸ್ತೀನಿ. ದೊಡ್ಡಪ್ಪ ಮತ್ತೆ ಹಾಗೇ ನಗಬೇಕು,” ಎಂದು ಹೆಂಡತಿ ಶೈಲಾಳೆದುರು ಘೋಷಿಸಿದೆ.

“ಯಾವ ಬೈಕು ಅಂತ ಅವರನ್ನೇ ಕೇಳಬಹುದಲ್ರೀ?”

“ಕೇಳಿದ್ರೆ ಸರ್‌ಪ್ರೈಸ್ ಎಲ್ಲಿ ಉಳೀತು?”

ಟ್ಯಾಂಕಿನ ಮೇಲಿನ ಹೆಸರನ್ನು ದೊಡ್ಡಪ್ಪನ ಮೊಣಕಾಲು ಮುಚ್ಚಿತ್ತು. ಭೂತಗನ್ನಡಿ ಹಿಡಿದು ಆಳವಾದ ಅಧ್ಯಯನ ನಡೆಸಿ, ಇದು ಬುಲೆಟ್ ಎಂದು ತೀರ್ಪಿತ್ತೆ. ಮರುದಿನ ನೋಡಿದರೆ ಮೂರು ಸೈಲೆನ್ಸರ್! ಜಗತ್ತಿನಲ್ಲೇ ಅಪರೂಪದ ಯಾವುದೋ ವಿದೇಶಿ ಬೈಕು ಎಂದು ರೋಮಾಂಚನಗೊಂಡೆ. ಶೈಲಾ ಇಣುಕಿ ನೋಡಿ, “ಆ ಮೂರನೇದು ಕೊಡೆ ಕಣ್ರೀ,” ಎಂದಳು. ಉಳಿದದ್ದು ಎರಡು. ಒಂದು ಸಿಲಿಂಡರ್, ಎರಡು ಸೈಲೆನ್ಸರ್. ಅಂದರೆ ಜಾವಾ!

ಈ ಸಲ ನನ್ನ ತೀರ್ಪು ತಪ್ಪಿರಲಿಲ್ಲ. ದುರದೃಷ್ಟ ಅಂದರೆ ಅದೇ.

ಚಿಕ್ಕಮಗಳೂರಿನ ಪರಿಚಯದ ಮೆಕ್ಯಾನಿಕ್ ರಫೀಕ್ ಸಾಹೇಬರನ್ನು ಕಾಡಿ ಬೇಡಿ, ಅಂಥದ್ದೇ ಜಾವಾವನ್ನು ಒಂದು ದಿನಕ್ಕೆ ಎರವಲು ಪಡೆದು, ಪಿಕಪ್ ಗಾಡಿಯಲ್ಲಿ ಕಳಸಕ್ಕೆ ಸಾಗಿಸಿದೆ. ದೊಡ್ಡಪ್ಪನ ಮನೆಯ ಏರನ್ನಾದರೂ ನಾನೇ ಓಡಿಸಿಕೊಂಡು ಹತ್ತಬೇಕೆಂದು ಹಠ. ಬೈಕು ಅರ್ಧ ಏರಿಗೇ ನಿಂತಿತು. ಶೈಲಾ ಜರಿ ಸೀರೆಯ ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಹೀಗೆ ನಮ್ಮ ಭವ್ಯ ಪ್ರವೇಶವಾಯಿತು!

ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ಬೈಕ್ ನೋಡಿದ್ದೇ ತಡ, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

“ಇದನ್ನ ಎಂತಕ್ಕೆ ತಂದೆ ಮಾರಾಯ? ಅತ್ತಿಗುಂಡಿ ತಿರುವಲ್ಲಿ ನನ್ನನ್ನ ಎತ್ತಿ ಒಗೆದದ್ದು ಇಂಥದ್ದೇ ಗಾಡಿ! ಕಾಲು ಮುರಿದು ಒಂದು ಕಾಫಿ ಕುಯ್ಲು ಪೂರ್ತಿ ಮಲಗಿದ್ದೆ.”

“ಮತ್ತೆ ಫೋಟೋದಲ್ಲಿ ಅಷ್ಟು ಚೆನ್ನಾಗಿ ನಕ್ಕಿದೀರಲ್ಲ ದೊಡ್ಡಪ್ಪ?”

“ಅದು ಗಾಡಿ ಮಾರಿದ ದಿನ! ತಗೊಳ್ಳುವವ ಎದುರಿಗೇ ನಿಂತಿದ್ದ. ನಗದೆ ಎಂತ ಮಾಡ್ಲಿ?”

ನೆಂಟರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮುಖ ಕಂಡು ದೊಡ್ಡಪ್ಪನಿಗೇ ಕನಿಕರ ಬಂತು. ಎದ್ದು, ಬೈಕಿನಿಂದ ದೂರವೇ ಬಳಸಿಕೊಂಡು ಬಂದು, ನನ್ನ ಬೆನ್ನು ತಟ್ಟಿದರು. “ನಿನ್ನ ಮನಸ್ಸು ಒಳ್ಳೇದು. ಗಾಡಿ ಮಾತ್ರ ಕೆಟ್ಟದ್ದು. ಬಾ, ಎಲೆ ಹಾಕಿದಾರೆ.”

ಬೈಕ್ ನಿಲ್ಲಿಸಲು ಸ್ಟ್ಯಾಂಡನ್ನು ಕಾಲಿನಿಂದ ಒದ್ದೆ. ಅದು ಕಳಚಿ ಕೆಳಗೆ ಬಿತ್ತು! ಬೈಕನ್ನು ಗೋಡೆಗೆ ಒರಗಿಸಲು ಹೋದೆ. “ಹೋಯ್, ನಿನ್ನೆಯಷ್ಟೇ ಬಣ್ಣ ಹೊಡೆಸಿದ್ದು!” ಎಂದರು ದೊಡ್ಡಪ್ಪ. ಮರದ ಕಡೆ ತಿರುಗಿಸಿದೆ. “ಅಲ್ಲಿ ಬೇಡ, ಮೆಣಸಿನ ಬಳ್ಳಿ ಹಾಳಾಗ್ತದೆ!” ನೆಲಕ್ಕೆ ಮಲಗಿಸೋಣವೆಂದರೆ ಎರವಲು ತಂದ ಗಾಡಿ. ಪಿಕಪ್ಪಿನವನು ಸಂಜೆ ಬರುತ್ತೇನೆಂದು ಹೇಳಿ ಹೋಗಿಯಾಗಿತ್ತು.

ಹೀಗಾಗಿ ಎಲ್ಲರೂ ಪಂಕ್ತಿಯಲ್ಲಿ ಕೂತರೆ ನಾನು ಬಿಸಿಲಲ್ಲಿ ಬೈಕ್ ಹಿಡಿದು ನಿಂತಿದ್ದೆ. ಶೈಲಾ ಹೋಳಿಗೆ ತಂದು, ನಗು ತಡೆದುಕೊಳ್ಳುತ್ತ, ಚೂರು ಚೂರೇ ಬಾಯಿಗಿಟ್ಟಳು.

ಊಟ ಮುಗಿಸಿದ ನೆಂಟರು ಒಬ್ಬೊಬ್ಬರಾಗಿ ಜಾವಾ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದರು. ಸದ್ಯ, ನನ್ನ ಶ್ರಮ ಸಾರ್ಥಕವಾಯಿತು ಎಂದು ಎದೆಯುಬ್ಬಿಸಿ ನಿಂತೆ. ಮೊಬೈಲ್ ಹಿಡಿದಿದ್ದ ಹಿರಿಯರೊಬ್ಬರು ಕೈ ಆಡಿಸಿದರು.

“ಸ್ವಲ್ಪ ಬಗ್ಗಿ ಮಾರಾಯ್ರೇ, ಗಾಡಿ ಕಾಣ್ತಾ ಇಲ್ಲ!”

ಬಗ್ಗಿದೆ.