ಅತ್ತೆಯ ಬಸ್ಸು ಮತ್ತು ಉರಿಯದ ಸಿಡಿ

"ಒಂದು ಸಿಡಿ ಬರಿಯಾಕ ಅಂಗಡಿಗೆ ಯಾಕ ಹೋಗಬೇಕ್ರಿ ಅತ್ತೀ? ಮನ್ಯಾಗ ನಾ ಇಲ್ಲೇನು? ನನ್ನ ಲಿನಕ್ಸ್ ಇಲ್ಲೇನು?"

ಸದಾಶಿವ ಪೇಠದ ಎರಡು ಕೋಣೆಯ ಮನೆಯಲ್ಲಿ ಬಸವಪ್ರಭು ಹೀಗೆ ಎದೆ ತಟ್ಟಿಕೊಂಡಾಗ ಹನ್ನೊಂದು ಗಂಟೆ. ಅತ್ತೆ ಕಾಶವ್ವ ಊರಿಗೆ ಹೊರಟಿದ್ದಳು, ವಿಜಾಪುರದ ಬಸ್ಸು ನಾಲ್ಕಕ್ಕೆ. ತೀರಿಕೊಂಡ ಗಂಡ ಶಿವಪ್ಪ ಹಾಡಿದ ತತ್ವಪದಗಳ ಒಂದೇ ಒಂದು ಕ್ಯಾಸೆಟ್ ಆಕೆಯ ಬಳಿ ಇತ್ತು. ಟೇಪು ಸವೆದು ದನಿ ಕುಗ್ಗುತ್ತಿತ್ತು. ಅಳಿಯ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಇನ್ನು ಸಿಡಿಗೆ ಏರಿಸುವುದಷ್ಟೇ ಬಾಕಿ!

ಮೊದಲ ಸಿಡಿ ಅರ್ಧಕ್ಕೇ ಸತ್ತಿತು. ಎರಡನೆಯದನ್ನು, ಲೇಸರಿನಿಂದ ಸಿಡಿ 'ಉರಿಸಿ' ಬರೆಯುವ ಬರ್ನರ್ ಮೂಸಿಯೂ ನೋಡಲಿಲ್ಲ. ಹೋದ ತಿಂಗಳ ತನಕ ನೆಟ್ಟಗಿದ್ದ ಯಂತ್ರ!

"ಸೆಟ್ಟಿಂಗ್ ಹಾಳಾಗ್ಯಾವ!" ಎಂದು ಬಸವಪ್ರಭು ತೀರ್ಪು ಕೊಟ್ಟ. ಪುಸ್ತಕ ತೆರೆದ. ಐಡಿಇ ಜಾತಿಯ ಈ ಹಳೆಯ ಬರ್ನರ್, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ ದುಡಿಯಬೇಕಾದರೆ ತಾನು ಸ್ಕಸಿ ಎಂಬ ಬೇರೆ ಜಾತಿಯದೆಂದು ಸೋಗು ಹಾಕಬೇಕಂತೆ.

"ಬಸವಣ್ಣನ ಒಕ್ಕಲಿನ ಮನ್ಯಾಗ ಮಶಿನ್ನೂ ಜಾತಿ ಮುಚ್ಚಿಡಬೇಕೇನು? ಯಾವ ನ್ಯಾಯ ಇದು!"

ಬೈಯುತ್ತಲೇ ಸೆಟ್ಟಿಂಗಿನಲ್ಲಿ ಆ ಸೋಗು ಬಿಚ್ಚಿದ, ಮತ್ತೆ ಹಾಕಿದ. ಕಂಪ್ಯೂಟರ್ ಡಬ್ಬಿಯ ಹೊಟ್ಟೆ ಬಿಚ್ಚಿ, ಬರ್ನರಿನ ಬೆನ್ನಿಗಿರುವ ಜಂಪರ್ ಎಂಬ ಕಾಳಿನಷ್ಟು ತುಂಡನ್ನು ಕಿತ್ತು ಬೇರೆ ಕಡೆ ಸಿಕ್ಕಿಸಿದ. ಕಂಪ್ಯೂಟರ್ ಏಳಲೇ ಇಲ್ಲ! ಅವನು ಹೊಡೆದ ಕೂಗಿಗೆ ಕೆಳಮನೆಯ ಭಾಮಾಬಾಯಿ ಹೊರಗೆ ಬಂದಳು.

"ಕಾಯ್ ಝಾಲಂ ಹೋ?" ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು.

"ಕಾಹೀ ನಾಹೀ! ಲಿನಕ್ಸ್!" ಏನಿಲ್ಲವೆಂದು ಬಸವಪ್ರಭು ಮೇಲಿನಿಂದಲೇ ಕೂಗಿದ.

ಜಂಪರ್ ಮೊದಲಿನ ಜಾಗಕ್ಕೆ ಮರಳಿತು. ಎರಡೂವರೆಯ ಹೊತ್ತಿಗೆ ಏಳು ಸಿಡಿಗಳು ಹೆಣವಾಗಿದ್ದವು. ಕಾಶವ್ವ ಗಂಟು ಕಟ್ಟಿಕೊಂಡು ಗಡಿಯಾರ ನೋಡುತ್ತಿದ್ದಳು.

"ಬ್ಯಾಡ ಬಿಡ್ರಿ ಅಳಿಯಂದ್ರ. ಇರೂತನಕ ಆ ಕ್ಯಾಸೆಟ್ಟೇ ಕೇಳ್ತೀನಿ" ಎಂದಳು. ಬೈದಿದ್ದರೆ ಬಸವಪ್ರಭು ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಮುಖ ಸಣ್ಣದಾಯಿತು.

ಸತ್ತ ಏಳನೆಯ ಸಿಡಿ ಹೊರಗೆ ಬಂದಾಗ ಕಾಶವ್ವ ಕನ್ನಡಕ ಏರಿಸಿ ಬರ್ನರಿನ ಬಾಯಿಗೆ ಬಗ್ಗಿದಳು. "ಒಳಗ ಕೆಂಪಗ ಏನೋ ಕಾಣ್ತದಲ್ರಿ?"

ಬಸವಪ್ರಭು ಬ್ಯಾಟರಿ ಹಿಡಿದು ನೋಡಿದ. ಕುಂಕುಮ! ಜೊತೆಗೆ ನಾಲ್ಕು ಅಕ್ಕಿಕಾಳು!

"ಯಾರ ಕೆಲಸ ಇದು?" ಮನೆ ನಡುಗುವಂತೆ ಗುಡುಗಿದ. "ಲೇಸರ್ ಮಶಿನ್ ಇದು! ಗುಡೀನ ಕಲ್ಲಲ್ಲ! ಈ ಮನ್ಯಾಗ ಓದಿದವರು ಯಾರೂ ಇಲ್ಲೇನು? ಮಾಧುರೀ!"

ಹೆಂಡತಿ ಮಾಧುರಿ ಅಡುಗೆಮನೆಯಿಂದ ನಿಧಾನಕ್ಕೆ ಬಂದಳು.

"ಹೋದ ವಾರ ಖಂಡೇಪೂಜಿ ದಿನ, ಮಶಿನ್ನಿಗೆಲ್ಲ ಪೂಜಿ ಮಾಡೂವಾಗ, ನಾ ಮ್ಯಾಲಿಂದ ಮ್ಯಾಲೆ ಒಂದು ಬೊಟ್ಟು ಇಟ್ಟೆ. ನೀವಽ ಗುಂಡಿ ಒತ್ತಿ ಅದರ ಬಾಯಿ ತೆಗಸಿದ್ರಿ. 'ಕೆಲಸ ಮಾಡೂದು ಒಳಗಿಂದು, ಪೂಜಿನೂ ಒಳಗಽ ಆಗಬೇಕು' ಅಂತ ಕುಂಕುಮ, ಅಕ್ಕಿಕಾಳು ಮುಟಿಗಿ ತುಂಬ ಹಾಕಿದ್ರಿ. ನೆನಪೈತೇನ್ರಿ?"

ನೆನಪಿತ್ತು. ಬಸವಪ್ರಭು ಅರಳೆ ಸುತ್ತಿದ ಕಡ್ಡಿಯಿಂದ ಬರ್ನರಿನ ಲೆನ್ಸು ಒರೆಸಿದ. ಮೂರೂಕಾಲಿಗೆ ಎಂಟನೆಯ ಸಿಡಿ ಪೂರ್ತಿ ಉರಿದು ಬಂತು. ಹಾಕಿದರೆ, ಶಿವಪ್ಪನ ದನಿ ಕೋಣೆ ತುಂಬಿತು.

ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಡಿಯನ್ನು ಗಂಟಿನೊಳಗೆ ಸೇರಿಸಿ, ಹೊಸಿಲು ದಾಟುವಾಗ ತಿರುಗಿ ನಿಂತಳು.

"ಅಳಿಯಂದ್ರ, ಬರೂ ವರ್ಷ ಬಾಯಾಗ ಪೂಜಿ ಮಾಡೂದಿದ್ರ ನಿಮ್ಮ ಬಾಯಿಗೇ ಮಾಡ್ಕೋರಿ. ಮಶಿನ್ನು ತನ್ನ ಪಾಡಿಗೆ ತಾ ಹಾಡ್ತದ."