ಸುಟ್ಟ ರಾಡುಗಳ ತನಿಖೆ

ನನಗೆ ಮೊಮ್ಮಗಳು ಹುಟ್ಟಿದಳು! ನಮ್ಮ ಮಮದಾಪುರದಲ್ಲಿ ಅಂಥ ಚೆಂದದ ಕೂಸು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಬಾಣಂತಿ ಮಗಳಿಗೂ ಕೂಸಿಗೂ ನೀರು ಕಾಯಿಸುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಕರೆಂಟಿನ ರಾಡನ್ನು ಬಕೆಟ್ಟಿಗೆ ತೂಗುಹಾಕಿ ಬಟನ್ ಒತ್ತುವುದು. ತಪ್ಪುವುದಕ್ಕೆ ಅದರಲ್ಲೇನಿದೆ?

ಮೊದಲ ದಿನವೇ ರಾಡು ಸುಟ್ಟುಹೋಯಿತು. ಗೋಕಾಕಿನಿಂದ ಹೊಸದು ತಂದೆ. ಅದೂ ಸುಟ್ಟುಹೋಯಿತು!

ಹೆಂಡತಿ ಪಾರವ್ವ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಕೇಳ್ರಿಲ್ಲೆ, ಬೆಲ್ಲದ ಬಾಗೇವಾಡಿಯಿಂದ ಬೀಗರು ಫೋನ್ ಮಾಡಿದ್ರು. ನಿಮ್ಮ ಮನ್ಯಾಗ ನೀರ ಕಾಯಂಗಿಲ್ಲಂದ್ರ ಸೊಸಿನ್ನ, ಕೂಸನ್ನ ನಾವೇ ಕರಕೊಂಡ ಹೋಗ್ತೇವಿ ಅಂತಾರ."

ನನ್ನ ಮುಖ ನೋಡಿ ಇನ್ನೂ ಒಮ್ಮೆಯೂ ನಗದ ಕೂಸನ್ನು ಕಳಿಸಿಕೊಡುವುದೇ? ಕೂಡಲೇ ತನಿಖೆ ಆರಂಭಿಸಿದೆ.

ಮೊದಲ ಆರೋಪಿ, ಬೋರಿನ ನೀರು. ಅದು ರಾಡಿಗೆ ಬಿಳಿ ಪೊರೆ ಕಟ್ಟುತ್ತದೆ. ಆದರೆ ನನ್ನ ರಾಡುಗಳು ಪೊರೆ ಕಟ್ಟುವಷ್ಟು ದಿನ ಬದುಕಿರಲೇ ಇಲ್ಲ. ಖುಲಾಸೆ. ಮುಂದಿನ ಆರೋಪಿ, ಕರೆಂಟು. ಬಾಜೂ ಮನೆಯ ಬಸಪ್ಪನನ್ನು ವಿಚಾರಿಸಿದರೆ, "ನನ್ನ ಲಗ್ನದಾಗ ಬಂದ ರಾಡು ಇನ್ನೂ ನಡದೈತಿ ಕಾಕಾ!" ಎಂದ. ಅದೂ ಖುಲಾಸೆ. ಉಳಿದವನು ಅಂಗಡಿಯವನು. ಸಿಕ್ಕಿಬಿದ್ದ ಮಗ!

ಸುಟ್ಟ ರಾಡುಗಳನ್ನು ಕೈಚೀಲಕ್ಕೆ ತುಂಬಿಕೊಂಡು ಗೋಕಾಕಿಗೆ ಹೋದೆ. ಅಂಗಡಿ ತುಂಬ ಗಿರಾಕಿಗಳು. ಒಳ್ಳೆಯದೇ ಆಯಿತು, ಸಾಕ್ಷಿ ಬೇಕಲ್ಲ!

"ಡುಪ್ಲಿಕೇಟ್ ಮಾಲ ಮಾರತಿ ಏನೋ?"

"ಸಿಟ್ಟಾಗಬ್ಯಾಡ್ರಿ ಅಜ್ಜಾರ. ಹೊಸಾದ ಕೊಡತೇನಿ, ಹೆಂಗ ಹಚ್ಚತೀರಿ ನನ್ನ ಮುಂದ ತೋರಸ್ರಿ."

ಅವನು ಕೊಟ್ಟ ತಗಡಿನ ಬಕೆಟ್ಟಿಗೆ ರಾಡು ತೂಗುಹಾಕಿ, ಅತ್ಯಂತ ಗಂಭೀರವಾಗಿ ಬಟನ್ ಒತ್ತಿದೆ.

"ನೀರ ಎಲ್ಲೈತ್ರಿ ಅಜ್ಜಾರ?"

"ತಡಿಯೋ, ಮೊದಲ ರಾಡ ಕಾಯಲಿ! ಹಂಚ ಕಾಯೂಕಿಂತ ಮೊದಲ ಯಾರರೆ ರೊಟ್ಟಿ ಹಾಕತಾರೇನು? ಇದು ಕಾಯೂದ್ರಾಗ ನಾ ಹೋಗಿ ನೀರ ತರತೇನಿ. ಹಾದ್ಯಾಗ ತೊಟ್ಟಿಲದಾಗಿನ ಕೂಸನ್ನ ಒಂದೀಟ ಮಾತಾಡ್ಸಿ..."

ರಾಡು ಕೆಂಪಾಯಿತು. ಇನ್ನೂ ಕೆಂಪಾಯಿತು. ಢಪ್!

ಸಾಕ್ಷಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಯವನು ಕಣ್ಣೊರೆಸಿಕೊಂಡು ಇನ್ನೊಂದು ರಾಡು ಕೊಟ್ಟ.

"ನೀರಾಗ ಮುಳಗಿದ್ರಷ್ಟ ಇದು ಬದಕತೈತ್ರಿ. ಮನಿಗೆ ಹೋಗಿ ಅಮ್ಮಾರ ಕೈಯಾಗ ಕೊಡ್ರಿ. ನೀವು ಮುಟ್ಟಬ್ಯಾಡ್ರಿ."

ಮರುದಿನ ಪಾರವ್ವ ಮೊದಲು ನೀರು ತುಂಬಿದಳು, ರಾಡು ಮುಳುಗಿಸಿದಳು, ಆಮೇಲೆ ಬಟನ್ ಒತ್ತಿದಳು. ನೀರು ಹಬೆಯಾಡಿತು! ಬೀಗರಿಗೆ ಫೋನ್ ಹೋಯಿತು. ಮೊಮ್ಮಗಳು ನಮ್ಮಲ್ಲೇ ಉಳಿದಳು! ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. ಆ ಹುರುಪಿನಲ್ಲೇ ಕೇಳಿದೆ:

"ಪಾರೂ, ನನಗೂ ಒಂದ ಬಕೆಟ್ ಕಾಸ."

"ಬಾಣಂತಿಗೆ, ಕೂಸಿಗೆ ಆಗಿ ಉಳದ್ರ ನಿಮಗ."

ಇವತ್ತಿನವರೆಗೂ ಉಳಿದಿಲ್ಲ.