ಪಲ್ಲವಿ ಮತ್ತೆ ಯಾಕೆ?

ಕಾರಣ ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಹಾಗಾಗಿ ನಾನು ಹೋದಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದರು. "ಪ್ರಶ್ನೆ ಕೇಳೋದು ಬಿಡದಿದ್ರೆ ನಿಂಗೆ ಯಾರೂ ಹೆಣ್ಣು ಕೊಡಲ್ಲ" ಎಂದು ಸೋದರಮಾವ ಎಚ್ಚರಿಸಿದ್ದರು.

ಸಾಗರ

ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೇ ಸಂಗೀತದ ಮೇಷ್ಟರ ಮನೆ. ದಿನವೂ ಪಾಠ ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಹೋಗಿ ಕೇಳಿದೆ: "ಪಲ್ಲವಿ ಮೊದಲೇ ಹಾಡಿ ಆಯ್ತಲ್ಲ. ಅನುಪಲ್ಲವಿ ಆದ್ಮೇಲೆ ಮತ್ತೆ, ಚರಣ ಆದ್ಮೇಲೂ ಮತ್ತೆ. ಯಾಕೆ?"

ಅವರು ತಂಬೂರಿ ಕೆಳಗಿಟ್ಟರು. "ನಿಮ್ಮೂರು ತುಮರಿ ಅಲ್ವಾ? ಹಿನ್ನೀರು ದಾಟಿ ಆ ದಡಕ್ಕೆ ಹೋದ ಲಾಂಚು ಈ ದಡಕ್ಕೆ ಮತ್ತೆ ಯಾಕೆ ಬರ್ತದೆ?"

"ಉಳಿದವರನ್ನ ಹತ್ತಿಸ್ಕೊಳ್ಳೋಕೆ."

"ಪಲ್ಲವಿಯೂ ಅಷ್ಟೇ. ನೀವಿನ್ನೂ ದಡದಲ್ಲೇ ಇದ್ದೀರಿ."

ಹೊಸನಗರ

ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ದೇವರನಾಮ ಹಾಡಿದಳು. ಎಲ್ಲರೂ ತಲೆದೂಗಿದರು. ನಾನು ಉಪಕಾರವಾಗಲೆಂದೇ ಹೇಳಿದೆ: "ಪಲ್ಲವಿ ಒಂದೇ ಸಲ ಹಾಡಿದ್ರೆ ಅರ್ಧ ಹೊತ್ತಲ್ಲಿ ಮುಗೀತಿತ್ತು."

ಎರಡನೇ ಸಲ ಉಪ್ಪಿಟ್ಟು ಬಡಿಸಲು ಬಂದಿದ್ದ ಅಜ್ಜಿ ಅಲ್ಲೇ ನಿಂತರು. "ಹೌದಾ ಮಾಣಿ? ಹಂಗಾರೆ ಉಪ್ಪಿಟ್ಟೂ ಒಂದೇ ಸಲ ಸಾಕು."

ಪಾತ್ರೆ ಒಳಗೆ ಹೋಯಿತು. ಅದರ ಹಿಂದೆಯೇ ಆ ಸಂಬಂಧವೂ ಹೋಯಿತು.

ತೀರ್ಥಹಳ್ಳಿ

ಇದೂ ತಪ್ಪಿದರೆ ಇನ್ನು ನನಗಾಗಿ ಬಸ್ಸು ಹತ್ತುವುದಿಲ್ಲ ಎಂದು ಮಾವ ಹೇಳಿಯೇ ಹೊರಟಿದ್ದರು. ಹುಡುಗಿಯ ಮನೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು, ನನ್ನ ಪಾದದ ಮೇಲೆ ತಮ್ಮ ಪಾದ ಇಟ್ಟುಕೊಂಡರು. "ಬಾಯಿ ತೆಗೆದ್ಯೋ, ತುಳೀತೀನಿ."

ಹುಡುಗಿ ಹಾಡತೊಡಗಿದಳು. ಪಲ್ಲವಿ ಬಂತು, ಹೋಯಿತು, ಮತ್ತೆ ಬಂತು. ಇನ್ನೂ ಒಂದು ಸಲ ಬಂತು. ನಾನು ಹಲ್ಲು ಕಚ್ಚಿ ಕುಳಿತೆ. ಕೊನೆಗೆ ಹಾಡು ನಿಂತಿತು.

"ಏನಾದ್ರೂ ಕೇಳೋದಿದ್ರೆ ಸಂಕೋಚ ಬೇಡ, ಕೇಳಿ" ಎಂದರು ಅವಳ ತಂದೆ.

ಮಾವ ತುಳಿದರು. ಆದರೂ ನಾನು ಕೇಳಿಬಿಟ್ಟೆ: "ಪಲ್ಲವಿ ಅಷ್ಟು ಸಲ ಯಾಕೆ?"

ಹುಡುಗಿ ತಲೆ ಎತ್ತಿದಳು.

"ಮೊದಲ ಸಲ ಹಾಡಿದಾಗ ನೀವು ಕೇಸರಿಬಾತು ನೋಡ್ತಿದ್ರಿ. ಆಮೇಲೆ ಗಡಿಯಾರ. ಆಮೇಲೆ ನಿಮ್ಮ ಮಾವನ ಕಾಲು. ನನ್ನ ಕಡೆ ನೋಡಿದ ಮೇಲೇ ನಾನು ನಿಲ್ಸಿದ್ದು."

ಎಲ್ಲರೂ ನಕ್ಕರು. ಮಾವ ಕಾಲು ತೆಗೆದು, ಕಿವಿಯಲ್ಲಿ ಕೇಳಿದರು: "ಒಪ್ಪಿಗೆ ಅಂತ ಹೇಳ್ಲೇನೋ?"

"ಹೇಳಿ. ಹಾಗೇ, ಪಲ್ಲವಿ ಇನ್ನೊಂದ್ಸಲ ಹಾಡೋಕೆ ಹೇಳಿ."

"ಈಗ್ತಾನೆ ಹಾಡಿ ಆಯ್ತಲ್ಲೋ!" ಮಾವ ಎಲ್ಲರಿಗೂ ಕೇಳುವಂತೆ ಕೂಗಿದರು. "ಮತ್ತೆ ಯಾಕೆ?"